ಸ್ಕ್ಯಾನ್‌ನಲ್ಲಿ ‘ಕಾಣಲಿಲ್ಲ’ ಅಂದ್ರೆ ‘ಇಲ್ಲ’ ಅಂತಲ್ಲ: ಮಕ್ಕಳ ಅಪೆಂಡಿಕ್ಸ್ ನೋವು, ಹೊಟ್ಟೆ ಸ್ಕ್ಯಾನ್ ಬಗ್ಗೆ ಗೊತ್ತಿರಬೇಕಾದ್ದು

ಹೋದ ವರ್ಷ ಊರಿನ ಜಾತ್ರೆ ಮುಗಿದ ಮಾರನೇ ದಿನ. ನಮ್ಮ ಅಕ್ಕನ ಮಗ, ಒಂಬತ್ತು ವರ್ಷದವನು, ಬೆಳಿಗ್ಗೆ ಎದ್ದವನೇ ಹೊಟ್ಟೆ ಹಿಡ್ಕೊಂಡು ಕೂತ. ಹಿಂದಿನ ರಾತ್ರಿ ಜಾತ್ರೇಲಿ ಮಂಡಕ್ಕಿ ಮಿರ್ಚಿ ತಿಂದಿದ್ದ, ಮೇಲೆ ಒಂದು ಐಸ್‌ಕ್ಯಾಂಡಿ. ಹಾಗಾಗಿ ಮನೆಯವರೆಲ್ಲ ಸೇರಿ ಮಿರ್ಚಿ ಮೇಲೆ ತಪ್ಪು ಹೊರಿಸಿದ್ವಿ. ನೋವು ಹೊಕ್ಕಳ ಸುತ್ತ ಇತ್ತು. ಅಜ್ಜಿ ‘ಬಟ್ಟಿ ಸರಿದಿದೆ’ ಅಂದ್ರು. ಭಾವ ಮೆಡಿಕಲ್‌ನಿಂದ ಗ್ಯಾಸ್ ಸಿರಪ್ ತಂದ್ರು. ಮಧ್ಯಾಹ್ನ ಎರಡು ಸಲ ವಾಂತಿ ಆಯ್ತು. ಸಂಜೆ ಹೊತ್ತಿಗೆ ಹುಡುಗ ಕೈ ಇಡೋ ಜಾಗ ಬದಲಾಗಿತ್ತು. ಹೊಕ್ಕಳು ಬಿಟ್ಟು ಕೆಳಗೆ, ಬಲಗಡೆ.

ಕ್ಲಿನಿಕ್‌ನ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ, ಅಪೆಂಡಿಕ್ಸ್ ಇರಬಹುದು ಅಂತ ಹೇಳಿ ಸ್ಕ್ಯಾನ್‌ಗೆ ಬರೆದುಕೊಟ್ಟರು. ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಹುಡುಗ ಅತ್ತೂ ಅತ್ತೂ ಸರಿಯಾಗಿ ಮಲಗಲಿಲ್ಲವಂತೆ. ರಿಪೋರ್ಟ್ ಕೈಗೆ ಬಂದಾಗ ಕ್ಲಿನಿಕ್ ಬಾಗಿಲು ಹಾಕಿತ್ತು. ಅಕ್ಕ ಅದರ ಫೋಟೊ ತೆಗೆದು ನನಗೆ ವಾಟ್ಸ್ಆ್ಯಪ್ ಮಾಡಿದಳು. ‘ಇಂಗ್ಲಿಷ್‌ನಲ್ಲಿದೆ, ಏನು ಬರೆದಿದಾರೆ ನೋಡಿ ಹೇಳೋ’ ಅಂದಳು. ಬಿಕಾಂ ಎರಡನೇ ವರ್ಷಕ್ಕೆ ಬಿಟ್ಟಿದ್ರೂ ಮನೇಲಿ ಇಂಗ್ಲಿಷ್ ಓದೋನು ಅಂದ್ರೆ ನಾನೇ. ಲಿವರ್ ನಾರ್ಮಲ್, ಕಿಡ್ನಿ ನಾರ್ಮಲ್, ಕೊನೇಲಿ ‘ಅಪೆಂಡಿಕ್ಸ್ ನಾಟ್ ವಿಷುವಲೈಸ್ಡ್’. ನಾನು ಫೋನ್ ಮಾಡಿ ಹೇಳಿದೆ: ‘ಏನಿಲ್ಲ ಅಕ್ಕ, ಎಲ್ಲಾ ನಾರ್ಮಲ್. ಅಪೆಂಡಿಕ್ಸ್ ಇಲ್ಲ ಅಂತ ಬಂದಿದೆ.’

ನಾನು ಮಾಡಿದ ತಪ್ಪು ಅದೇ. ಅವರು ಮನೆಗೆ ವಾಪಸ್ ಹೋದರು. ಬೆಳಗಿನ ಜಾವ ನೋವು ತಾನೇ ಕಡಿಮೆ ಆಯ್ತು, ಎಲ್ಲರೂ ಉಸಿರು ಬಿಟ್ಟರು. ಹತ್ತು ಗಂಟೆ ಹೊತ್ತಿಗೆ ಮೈ ಸುಡುವಂಥ ಜ್ವರ, ಹೊಟ್ಟೆಯೆಲ್ಲಾ ಹಲಗೆ ಥರ ಗಟ್ಟಿ. ಜಿಲ್ಲಾ ಕೇಂದ್ರಕ್ಕೆ ಓಡಿದ್ವಿ. ಅಲ್ಲಿ ಇನ್ನೊಂದು ಸ್ಕ್ಯಾನ್ ಆಯ್ತು. ಅಪೆಂಡಿಕ್ಸ್ ಒಡೆದು ಸುತ್ತ ಕೀವು ಸೇರಿತ್ತು. ಆಪರೇಷನ್ ಆಗಿ, ಒಂಬತ್ತು ದಿನ ವಾರ್ಡಲ್ಲಿದ್ದು ಹುಡುಗ ಮನೆಗೆ ಬಂದ. ಈಗ ಚೆನ್ನಾಗಿದಾನೆ.

ಆ ಒಂಬತ್ತು ದಿನ ಆಸ್ಪತ್ರೆ ಕಾರಿಡಾರ್‌ನಲ್ಲಿ ಕೂತು ನಾನು ಕೇಳಿದ್ದು, ಆಮೇಲೆ ಹುಡುಕಿ ಓದಿದ್ದು, ಡಾಕ್ಟರ್‌ಗಳ ಹತ್ರ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡ್ಕೊಂಡಿದ್ದು ಇಲ್ಲಿ ಬರೆದಿದ್ದೇನೆ. ನಮ್ಮ ಮನೇಲಿ ಆದದ್ದು ಇನ್ನೊಂದು ಮನೇಲಿ ಆಗೋದು ಬೇಡ.

ನೋವು ಯಾಕೆ ಜಾಗ ಬದಲಾಯಿಸುತ್ತೆ?

ಸಣ್ಣ ಕರುಳು ಬಂದು ದೊಡ್ಡ ಕರುಳಿಗೆ ಸೇರುವ ಜಾಗ ಹೊಟ್ಟೆಯ ಬಲಭಾಗದಲ್ಲಿ, ಕೆಳಗಡೆ ಇದೆ. ಅದರ ಹತ್ತಿರ ದೊಡ್ಡ ಕರುಳಿಗೆ ಅಂಟಿಕೊಂಡು ಹುಳುವಿನಂತೆ ನೇತಾಡೋ ಸಣ್ಣ ಕೊಳವೆಯೇ ಅಪೆಂಡಿಕ್ಸ್. ಒಂದು ಬಾಯಿ ಕರುಳಿಗೆ ತೆರೆದಿರುತ್ತೆ, ಇನ್ನೊಂದು ತುದಿ ಮುಚ್ಚಿರುತ್ತೆ. ಆ ಬಾಯಿಗೆ ಏನಾದ್ರೂ ಅಡ್ಡ ಬಂತು ಅಂದ್ರೆ ತೊಂದರೆ ಶುರು. ಗಟ್ಟಿಯಾದ ಮಲದ ಸಣ್ಣ ಕಲ್ಲು ಅಡ್ಡ ಬರಬಹುದು. ಮಕ್ಕಳಲ್ಲಿ ಯಾವುದೋ ಸೋಂಕಿಗೆ ಅಪೆಂಡಿಕ್ಸ್ ಗೋಡೆಯೊಳಗಿನ ಗ್ರಂಥಿಗಳು ಊದಿಕೊಂಡು ದಾರಿ ಮುಚ್ಚಬಹುದು. ಒಳಗೆ ರಸ ತುಂಬಿ, ಒತ್ತಡ ಏರಿ, ರಕ್ತ ಹರಿಯೋದು ನಿಂತು ಕೊನೆಗೆ ಕೊಳವೆ ಒಡೆಯುತ್ತೆ.

ಮೊದಮೊದಲು ಕೊಳವೆ ಊದಿದಾಗ ಅದರ ನರಗಳು ಮೆದುಳಿಗೆ ಕಳಿಸೋ ಸುದ್ದಿ ಹೊಕ್ಕಳ ಹತ್ತಿರದ ನೋವಿನಂತೆ ಅನ್ನಿಸುತ್ತೆ. ಉರಿಯೂತ ಹೊರಗೆ ಹಬ್ಬಿ ಹೊಟ್ಟೆಯ ಒಳಪದರಕ್ಕೆ ತಾಗಿದ ಮೇಲೆ ನೋವು ತನ್ನ ನಿಜವಾದ ಜಾಗಕ್ಕೆ ಬಂದು ಕೂರುತ್ತೆ. ಹೊಕ್ಕಳಿಂದ ಬಲಗಡೆ ಕೆಳಗೆ ಇಳಿಯೋ ನೋವು ಇದರ ದೊಡ್ಡ ಗುರುತು. ಆದರೆ ಎಲ್ಲ ಮಕ್ಕಳಲ್ಲೂ ಹೀಗೇ ಆಗಬೇಕು ಅಂತಿಲ್ಲ. ಅಪೆಂಡಿಕ್ಸ್ ಕೆಲವರಲ್ಲಿ ದೊಡ್ಡ ಕರುಳಿನ ಹಿಂದೆ ಅಡಗಿರುತ್ತೆ, ಕೆಲವರಲ್ಲಿ ಕೆಳಗೆ ಮೂತ್ರಚೀಲದ ಕಡೆ ಇಳಿದಿರುತ್ತೆ. ಅಂಥವರಿಗೆ ಸೊಂಟದ ಹತ್ರ ನೋವು, ಉರಿಮೂತ್ರ, ಭೇದಿ ಥರಾನೂ ಕಾಣಬಹುದು.

ಒಡೆದ ತಕ್ಷಣ ಒಳಗಿನ ಒತ್ತಡ ಇಳಿದು ನೋವು ಸ್ವಲ್ಪ ಹೊತ್ತು ಕಡಿಮೆ ಆಗೋದುಂಟು. ನಮ್ಮ ಹುಡುಗನಿಗೆ ಬೆಳಗಿನ ಜಾವ ಆದದ್ದು ಅದೇ. ನಾವು ಗುಣ ಆಯ್ತು ಅಂದ್ಕೊಂಡ್ವಿ.

ಈ ಕಾಯಿಲೆ ಹೆಚ್ಚಾಗಿ ಬರೋದು ಹತ್ತರಿಂದ ಹತ್ತೊಂಬತ್ತರ ವಯಸ್ಸಿನಲ್ಲಿ. ಐದು ವರ್ಷದೊಳಗೆ ಅಪರೂಪ. ಆದರೆ ಆ ಚಿಕ್ಕ ಮಕ್ಕಳಿಗೇ ಅಪಾಯ ಜಾಸ್ತಿ. ಎಲ್ಲಿ ನೋವು, ಹೆಂಗೆ ನೋವು ಅಂತ ಹೇಳೋಕೆ ಬರಲ್ಲ, ವಾಂತಿ ಭೇದಿ ಅಂತ ದಿನ ತಳ್ಳಿರ್ತೀವಿ. ಪತ್ತೆ ಆಗೋ ಹೊತ್ತಿಗೆ ಒಡೆದಿರೋದೇ ಹೆಚ್ಚು.

‘ಗಂಡು ಮಗೀಗೂ ಸ್ಕ್ಯಾನಾ?’

ಹುಡುಗನಿಗೆ ಸ್ಕ್ಯಾನ್ ಬರೆದಿದಾರೆ ಅಂದಾಗ ನಮ್ಮಜ್ಜಿ ಕೇಳಿದ ಪ್ರಶ್ನೆ ಇದು. ನಗಬೇಡಿ, ನಮ್ಮ ಕಡೆ ಸ್ಕ್ಯಾನಿಂಗ್ ಅಂದ್ರೆ ಬಸುರಿಯರದ್ದು ಅಂತಲೇ ಎಷ್ಟೋ ಜನರ ತಲೇಲಿದೆ. ಬಾಗಿಲಲ್ಲಿ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಅನ್ನೋ ಬೋರ್ಡ್ ಬೇರೆ. ಆ ಬೋರ್ಡ್ ಹಾಕೋದು 1994ರ ಕಾಯ್ದೆ ಪ್ರಕಾರ. ಪ್ರತಿ ಸ್ಕ್ಯಾನಿಂಗ್ ಸೆಂಟರೂ ಅದರಡಿ ನೋಂದಣಿ ಆಗಿರಬೇಕು. ಮಕ್ಕಳ ಹೊಟ್ಟೆ ಸ್ಕ್ಯಾನ್‌ಗೂ ಅದಕ್ಕೂ ಏನೂ ಅಡ್ಡಿಯಿಲ್ಲ.

ಯಂತ್ರ ಅದೇ. ಕಿವಿಗೆ ಕೇಳದಷ್ಟು ಸೂಕ್ಷ್ಮ ಶಬ್ದವನ್ನ ಒಳಗೆ ಕಳಿಸಿ, ಅದು ತಗುಲಿ ವಾಪಸ್ ಬರೋ ಪ್ರತಿಧ್ವನಿಯಿಂದ ಚಿತ್ರ ಮಾಡುತ್ತೆ. ಎಕ್ಸ್‌ರೇ ಇಲ್ಲ, ವಿಕಿರಣ ಇಲ್ಲ. ಎಷ್ಟು ಸಲ ಮಾಡಿದ್ರೂ ಮಗುವಿಗೆ ತೊಂದರೆ ಇಲ್ಲ. ಮಕ್ಕಳಿಗೆ ಮೊದಲು ಇದನ್ನೇ ಮಾಡೋದಕ್ಕೆ ಇದೇ ಮುಖ್ಯ ಕಾರಣ. ಸಿಟಿ ಸ್ಕ್ಯಾನ್‌ನಲ್ಲಿ ಚಿತ್ರ ಇನ್ನೂ ಸ್ಪಷ್ಟ ಬರುತ್ತೆ ನಿಜ. ಆದರೆ ಅದು ಎಕ್ಸ್‌ರೇಯಿಂದಲೇ ಮಾಡೋದು, ಬೆಳೆಯೋ ದೇಹ ವಿಕಿರಣಕ್ಕೆ ದೊಡ್ಡವರ ದೇಹಕ್ಕಿಂತ ಬೇಗ ಒಳಗಾಗುತ್ತೆ. ಅದಕ್ಕೇ ಅಲ್ಟ್ರಾಸೌಂಡ್ ಮೊದಲು, ಉತ್ತರ ಸಿಗದಿದ್ರೆ ಮಾತ್ರ ಸಿಟಿ ಅನ್ನೋ ಕ್ರಮ ಬಂದಿದೆ. ಹಾಗಂತ ಡಾಕ್ಟರ್ ಸಿಟಿ ಬೇಕೇ ಬೇಕು ಅಂದಾಗ ‘ವಿಕಿರಣ’ ಅಂತ ಹೆದರಿ ಬೇಡ ಅನ್ನೋದೂ ಸರಿಯಲ್ಲ. ಒಡೆದ ಅಪೆಂಡಿಕ್ಸ್ ಮುಂದೆ ಆ ಅಪಾಯ ತೀರಾ ಚಿಕ್ಕದು.

ಇನ್ನೊಂದು ಅನುಕೂಲ ಏನಂದ್ರೆ ಮಕ್ಕಳ ಹೊಟ್ಟೆ ತೆಳ್ಳಗಿರುತ್ತೆ. ಚರ್ಮದಿಂದ ಅಪೆಂಡಿಕ್ಸ್‌ವರೆಗೆ ದೂರ ಕಡಿಮೆ. ಆಳಕ್ಕೆ ಹೋಗದಿದ್ರೂ ಮೇಲಿನದ್ದನ್ನ ಬಹಳ ಚೆನ್ನಾಗಿ ತೋರಿಸೋ ಪ್ರೋಬ್ ಒಂದಿದೆ, ಮುಂಭಾಗ ಚಪ್ಪಟೆಯಾಗಿರುತ್ತೆ. ಬಸುರಿಯರಿಗೆ ಹೊಟ್ಟೆ ಮೇಲಿಡೋದು ಬಾಗಿದ ಮುಖದ್ದು. ಅಪೆಂಡಿಕ್ಸ್ ಹುಡುಕೋಕೆ ಈ ಚಪ್ಪಟೆದು ಬೇಕು.

ಒತ್ತಿ ನೋಡೋ ವಿದ್ಯೆ

ಅಪೆಂಡಿಕ್ಸ್ ಸ್ಕ್ಯಾನ್‌ನಲ್ಲಿ ಕಾಣುತ್ತೆ ಅಂತ ಮೊದಲು ಯಾರೂ ನಂಬಿರಲಿಲ್ಲ. ಕರುಳಲ್ಲಿ ಗಾಳಿ ಇರುತ್ತೆ, ಈ ಶಬ್ದದ ಅಲೆಗೆ ಗಾಳಿ ಅಂದ್ರೆ ಗೋಡೆ ಇದ್ದಂಗೆ. 1986ರಲ್ಲಿ ನೆದರ್ಲೆಂಡ್ಸ್‌ನ ರೇಡಿಯಾಲಜಿಸ್ಟ್ ಜೂಲಿಯನ್ ಪೈಲಾರ್ಟ್ ಒಂದು ಸರಳ ಉಪಾಯ ಬರೆದು ಪ್ರಕಟಿಸಿದರು. ಪ್ರೋಬನ್ನ ಮೇಲೆ ಇಟ್ಟು ನಿಧಾನಕ್ಕೆ, ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋಗೋದು. ಒತ್ತಿದಾಗ ಗಾಳಿ ತುಂಬಿದ ಕರುಳು ಪಕ್ಕಕ್ಕೆ ಸರಿಯುತ್ತೆ, ಚಪ್ಪಟೆ ಆಗುತ್ತೆ, ಒಳಗಿನ ಗಾಳಿ ಹೋಗುತ್ತೆ. ಹಿಂದೆ ಅಡಗಿರೋದು ಕಣ್ಣಿಗೆ ಬೀಳುತ್ತೆ. ಇಡೀ ಪ್ರಪಂಚದಲ್ಲಿ ಇವತ್ತಿಗೂ ಮಾಡೋದು ಇದನ್ನೇ.

ಡಾಕ್ಟರ್ ಮೊದಲು ಜೆಲ್ ಹಚ್ಚಿ ಬಲಗಡೆ ದೊಡ್ಡ ಕರುಳು ಹುಡುಕ್ತಾರೆ. ಅದನ್ನ ಹಿಡಿದು ಕೆಳಗೆ ಇಳಿದು, ಸಣ್ಣ ಕರುಳು ಸೇರೋ ಜಾಗಕ್ಕೆ ಬರ್ತಾರೆ. ಹಿಂದೆ ಸೊಂಟದ ದೊಡ್ಡ ಸ್ನಾಯು, ಪಕ್ಕದಲ್ಲಿ ಕಾಲಿಗೆ ಹೋಗೋ ದೊಡ್ಡ ರಕ್ತನಾಳ. ಇವು ಗುರುತಿನ ಕಲ್ಲುಗಳಿದ್ದ ಹಾಗೆ. ಅವುಗಳ ಮಧ್ಯೆ ಒಂದು ಕೊಳವೆ, ಒಂದು ಕಡೆ ಮುಚ್ಚಿರೋದು, ಕರುಳಿನ ಹಾಗೆ ಅಲುಗಾಡದೇ ಇರೋದು ಸಿಕ್ಕರೆ ಅದೇ ಅಪೆಂಡಿಕ್ಸ್.

ಸಿಕ್ಕ ಮೇಲೆ ಒತ್ತಿ ನೋಡ್ತಾರೆ. ಚೆನ್ನಾಗಿರೋ ಅಪೆಂಡಿಕ್ಸ್ ಮೆತ್ತಗೆ ಚಪ್ಪಟೆ ಆಗುತ್ತೆ. ಊದಿರೋದು ಆಗಲ್ಲ, ಗಾಳಿ ತುಂಬಿದ ಸೈಕಲ್ ಟ್ಯೂಬ್ ಥರ ದುಂಡಗೇ ಇರುತ್ತೆ. ಅಡ್ಡ ಅಳತೆ 6 ಮಿಲಿಮೀಟರ್‌ಗಿಂತ ಜಾಸ್ತಿ ಇದ್ರೆ ಅನುಮಾನ. ಬಣ್ಣದ ಡಾಪ್ಲರ್ ಹಾಕಿದ್ರೆ ಗೋಡೆಯಲ್ಲಿ ರಕ್ತದ ಓಡಾಟ ಜಾಸ್ತಿ ಕಾಣಬಹುದು. ಒಳಗೆ ಕಲ್ಲಿದ್ರೆ ಬಿಳಿ ಚುಕ್ಕಿ, ಅದರ ಹಿಂದೆ ಕಪ್ಪು ನೆರಳು. ಸುತ್ತಲಿನ ಕೊಬ್ಬು ಊದಿ ಬೆಳ್ಳಗೆ ಕಾಣೋದು, ಪಕ್ಕದಲ್ಲಿ ನೀರು ಸೇರಿರೋದು ಕೂಡ ಸಾಕ್ಷಿ.

ಈ 6 ಮಿಲಿಮೀಟರ್ ಲೆಕ್ಕ ಕಲ್ಲಲ್ಲಿ ಕೊರೆದದ್ದಲ್ಲ. ಆರೋಗ್ಯವಾಗಿರೋ ಕೆಲವು ಮಕ್ಕಳಲ್ಲೂ ಅಪೆಂಡಿಕ್ಸ್ ಒಂಚೂರು ದಪ್ಪ ಇರುತ್ತೆ. ಕೆಲವರಲ್ಲಿ ಬುಡ ಚೆನ್ನಾಗಿದ್ದು ತುದಿ ಮಾತ್ರ ಊದಿರುತ್ತೆ, ಅದಕ್ಕೇ ತುದಿವರೆಗೂ ನೋಡಬೇಕು. ಒಂದು ಅಂಕಿ ನೋಡಿ ಯಾರೂ ಆಪರೇಷನ್ ಮಾಡಲ್ಲ.

ಒಳ್ಳೇ ರೇಡಿಯಾಲಜಿಸ್ಟ್ ಪ್ರೋಬ್ ಇಡೋಕೆ ಮುಂಚೆ ಮಗುವಿಗೆ ಕೇಳ್ತಾರೆ: ‘ಒಂದೇ ಬೆರಳಲ್ಲಿ ತೋರಿಸಪ್ಪ, ಜಾಸ್ತಿ ಎಲ್ಲಿ ನೋಯ್ತಿದೆ?’ ಎಷ್ಟೋ ಸಲ ಆ ಬೆರಳು ಇಟ್ಟ ಜಾಗದಲ್ಲೇ ಸಿಕ್ಕಿಬಿಡುತ್ತಂತೆ. ಜಿಲ್ಲಾ ಕೇಂದ್ರದಲ್ಲಿ ನಮ್ಮ ಹುಡುಗನಿಗೆ ಎರಡನೇ ಸ್ಕ್ಯಾನ್ ಮಾಡಿದ ಮೇಡಂ ಹೀಗೇ ಕೇಳಿದ್ರು. ಮೊದಲು ನೋವಿಲ್ಲದ ಎಡಗಡೆ ಪ್ರೋಬ್ ಇಟ್ಟು ಹುಡುಗನ ಭಯ ಬಿಡಿಸಿದ್ರು. ಅಕ್ಕನ ಕೈಯಲ್ಲಿ ಅವನ ತಲೆ ಸವರಿಸ್ತಾ, ಮೊಬೈಲ್‌ನಲ್ಲಿ ಕಾರ್ಟೂನ್ ಹಾಕಿಸಿ, ಇಪ್ಪತ್ತು ನಿಮಿಷ ತಗೊಂಡ್ರು.

‘ಕಾಣಲಿಲ್ಲ’ ಅಂದ್ರೆ ಏನು?

ಇಷ್ಟೆಲ್ಲ ಮಾಡಿದ್ರೂ ಅಪೆಂಡಿಕ್ಸ್ ಕಾಣದೇ ಇರೋದು ಬಹಳ ಸಾಮಾನ್ಯ. ಕರುಳಲ್ಲಿ ಗಾಳಿ ಜಾಸ್ತಿ ಇದ್ರೆ ಕಾಣಲ್ಲ. ದೊಡ್ಡ ಕರುಳಿನ ಹಿಂದೆ ಇದ್ರೆ ಕಾಣಲ್ಲ. ಮಗು ದಪ್ಪ ಇದ್ರೆ, ಅತ್ತು ಹೊಟ್ಟೆ ಬಿಗಿ ಹಿಡಿದ್ರೆ, ಒತ್ತೋಕೇ ಬಿಡದಿದ್ರೆ ಕಾಣಲ್ಲ. ಒಡೆದ ಮೇಲೆ ಕೊಳವೆ ಕುಸಿದು ಹೋಗಿ ಆಗಲೂ ಕಾಣದೇ ಇರಬಹುದು. ಚೆನ್ನಾಗಿರೋ ಅಪೆಂಡಿಕ್ಸ್ ಸಣ್ಣಗಿರೋದ್ರಿಂದ ಅದೂ ಎಷ್ಟೋ ಸಲ ಕಣ್ಣಿಗೆ ಬೀಳಲ್ಲ. ಅಂದ್ರೆ ‘ನಾಟ್ ವಿಷುವಲೈಸ್ಡ್’ ಅನ್ನೋ ಮಾತಿನ ಅರ್ಥ ಇಷ್ಟೇ: ನಾವು ಹುಡುಕಿದ್ವಿ, ನಮ್ಮ ಕಣ್ಣಿಗೆ ಸಿಗಲಿಲ್ಲ. ಕಾಯಿಲೆ ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಅಂಗಡಿಯವರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಗಿರಾಕಿ ಬಂದು ಒಂದು ಸಾಮಾನು ಕೇಳ್ತಾರೆ. ಹುಡುಗ ಗೋಡೌನ್‌ಗೆ ಹೋಗಿ ಬಂದು ‘ಸಿಗಲಿಲ್ಲ ಅಣ್ಣ’ ಅಂತಾನೆ. ಸ್ಟಾಕ್ ಖಾಲಿ ಅಂತ ಅಲ್ಲ ಅಂತ ನಿಮಗೆ ಗೊತ್ತು. ಲೈಟ್ ಹಾಕಿ ನೋಡಿದ್ನೋ, ಮೂಟೆ ಸರಿಸಿ ನೋಡಿದ್ನೋ ಅಂತ ಕೇಳ್ತೀರಿ.

‘ಅಪೆಂಡಿಕ್ಸ್ ನಾರ್ಮಲ್’ ಅಂತ ಅಳತೆ ಸಮೇತ ಬರೆದಿದ್ರೆ ಅದು ಬೇರೆ. ಅಲ್ಲಿ ಅವರು ಕಣ್ಣಾರೆ ನೋಡಿದಾರೆ. ಈ ಎರಡರ ವ್ಯತ್ಯಾಸ ಅವತ್ತು ನನಗೆ ಗೊತ್ತಿರಲಿಲ್ಲ.

ಇನ್ನೂ ಒಂದು ಸಂಗತಿ. ಅಪೆಂಡಿಕ್ಸ್ ಕಾಣದಿದ್ರೂ ಅಕ್ಕಪಕ್ಕದ ಗುರುತುಗಳನ್ನ ಬರೆದಿರ್ತಾರೆ. ನಮ್ಮ ಮೊದಲ ರಿಪೋರ್ಟ್‌ನಲ್ಲೇ ‘ಪ್ರೋಬ್ ಟೆಂಡರ್‌ನೆಸ್’ ಅಂತ ಇತ್ತು. ಪ್ರೋಬ್ ಒತ್ತಿದ ಆ ಜಾಗದಲ್ಲೇ ಮಗುವಿಗೆ ನೋವಾಯ್ತು ಅಂತ ಅರ್ಥ. ನಾನು ಓದಿದೆ, ಗೊತ್ತಾಗದೇ ಬಿಟ್ಟೆ. ‘ಫ್ರೀ ಫ್ಲೂಯಿಡ್’ ಅಂದ್ರೆ ಹೊಟ್ಟೆಯೊಳಗೆ ನೀರು ಕಂಡಿದೆ. ‘ನಾನ್ ಕಂಪ್ರೆಸಿಬಲ್’ ಅಂದ್ರೆ ಒತ್ತಿದರೂ ಚಪ್ಪಟೆ ಆಗದ ಕೊಳವೆ, ಇದು ಕಂಡ್ರೆ ಆ ರಾತ್ರಿಯೇ ಸರ್ಜನ್ ನೋಡಬೇಕು. ‘ಅಪೆಂಡಿಕೋಲಿತ್’ ಅಂದ್ರೆ ಒಳಗಿನ ಕಲ್ಲು. ‘ಮೆಸೆಂಟ್ರಿಕ್ ನೋಡ್ಸ್’ ಅಂದ್ರೆ ಕರುಳಿನ ಬಳಿಯ ಗ್ರಂಥಿಗಳು ಊದಿವೆ. ನೆಗಡಿ, ಗಂಟಲು ನೋವು ಬಂದ ಮಕ್ಕಳಲ್ಲಿ ಇದು ಮಾಮೂಲಿ, ಸಾಮಾನ್ಯವಾಗಿ ತಾನೇ ಹೋಗುತ್ತೆ. ಆದರೆ ಗ್ರಂಥಿ ಊದಿದೆ ಅಂತ ಅಪೆಂಡಿಕ್ಸ್ ಚೆನ್ನಾಗಿದೆ ಅಂತ ತೀರ್ಮಾನ ಮಾಡೋಕಾಗಲ್ಲ, ಎರಡೂ ಒಟ್ಟಿಗೆ ಇರಬಹುದು.

ಕೊನೇಲಿ ಒಂದು ಸಾಲು ಎಲ್ಲ ರಿಪೋರ್ಟ್‌ನಲ್ಲೂ ಇರುತ್ತೆ, ‘ಕ್ಲಿನಿಕಲಿ ಕೋರಿಲೇಟ್’ ಅಂತ. ಪ್ರಿಂಟ್ ಹೊಡೆದಂಗೆ ಇರೋದ್ರಿಂದ ಯಾರೂ ಓದಲ್ಲ. ಮಗುವನ್ನ ಮುಟ್ಟಿ ನೋಡಿದ ಡಾಕ್ಟರ್‌ಗೆ ಅದು ಹೇಳೋದೇನಂದ್ರೆ: ನಮ್ಮ ಚಿತ್ರವನ್ನ ನಿಮ್ಮ ಪರೀಕ್ಷೆ ಜೊತೆ ಇಟ್ಟು ತೀರ್ಮಾನ ಮಾಡಿ. ರಿಪೋರ್ಟ್ ಡಾಕ್ಟರ್‌ಗೆ ಬರೆದ ಪತ್ರ. ಅದನ್ನ ನನ್ನಂಥ ತಮ್ಮನಿಗೆ ವಾಟ್ಸ್ಆ್ಯಪ್ ಮಾಡಿ ಮುಗಿಸೋ ಹಾಗಿಲ್ಲ.

ಲೆಕ್ಕಾನೂ ನೋಡಿ. ಮಕ್ಕಳ ಅಪೆಂಡಿಸೈಟಿಸ್‌ಗೆ ಅಲ್ಟ್ರಾಸೌಂಡ್ ಎಷ್ಟು ನಂಬಬಹುದು ಅಂತ ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿ 2006ರಲ್ಲಿ ‘ರೇಡಿಯಾಲಜಿ’ ಪತ್ರಿಕೆಯಲ್ಲಿ ಬಂತು. ಕಾಯಿಲೆ ಇರೋ 100 ಮಕ್ಕಳಲ್ಲಿ 88 ಜನರನ್ನ ಸ್ಕ್ಯಾನ್ ಹಿಡಿಯುತ್ತೆ. ಸಿಟಿ 94 ಜನರನ್ನ. ಅಂದ್ರೆ ಓದಿ ಪಳಗಿದವರ ಕೈಯಲ್ಲೂ ಹನ್ನೆರಡು ಮಕ್ಕಳು ತಪ್ಪಿಹೋಗ್ತಾರೆ. ರಾತ್ರಿ ಎಂಟು ಗಂಟೆಗೆ, ಹೊರಗೆ ಹದಿನೈದು ಜನ ಕಾಯ್ತಿರೋ ತಾಲೂಕು ಸೆಂಟರ್‌ನಲ್ಲಿ ಅಳೋ ಮಗುವಿನ ಮೇಲೆ ಐದು ನಿಮಿಷ ಪ್ರೋಬ್ ಆಡಿಸಿದಾಗ ಎಷ್ಟು ತಪ್ಪಬಹುದು ಅಂತ ನೀವೇ ಅಂದಾಜು ಮಾಡಿ. ಯಾರನ್ನೂ ದೂರಲ್ಲ. ಈ ಪರೀಕ್ಷೆಯ ಸ್ವಭಾವವೇ ಹಾಗೆ, ಯಂತ್ರಕ್ಕಿಂತ ಹಿಡಿದ ಕೈ ಮುಖ್ಯ.

ಹೊಟ್ಟೆ ಹೇಳೋದನ್ನೂ ಕೇಳಬೇಕು

ಡಾಕ್ಟರ್‌ಗಳು ಮಕ್ಕಳಿಗೆ ಅಂತಲೇ ಬಳಸೋ ಹತ್ತು ಅಂಕದ ಒಂದು ಲೆಕ್ಕ ಇದೆ, 2002ರಲ್ಲಿ ಮದನ್ ಸ್ಯಾಮ್ಯುಯೆಲ್ ಅನ್ನೋ ಸರ್ಜನ್ ಪ್ರಕಟಿಸಿದ್ದು. ನೋವು ಜಾಗ ಬದಲಾಯಿಸಿದ್ರೆ ಒಂದು ಅಂಕ, ಹಸಿವಿಲ್ಲದಿದ್ರೆ ಒಂದು, ವಾಂತಿ ಅಥವಾ ವಾಕರಿಕೆಗೆ ಒಂದು, ಜ್ವರಕ್ಕೆ ಒಂದು. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ ಏರಿದ್ರೆ ಒಂದು, ಅದರಲ್ಲಿ ನ್ಯೂಟ್ರೋಫಿಲ್ ಜಾಸ್ತಿ ಇದ್ರೆ ಇನ್ನೊಂದು. ಬಲಗಡೆ ಕೆಳಗೆ ಮುಟ್ಟಿದ್ರೆ ನೋವಿಗೆ ಎರಡು. ಕೆಮ್ಮಿದಾಗ, ಕುಂಟುತ್ತಾ ಕುಪ್ಪಳಿಸಿದಾಗ ಅಲ್ಲೇ ನೋವಾದ್ರೆ ಎರಡು. ಗಮನಿಸಿ, ಇದರಲ್ಲಿ ಸ್ಕ್ಯಾನ್‌ಗೆ ಒಂದು ಅಂಕವೂ ಇಲ್ಲ. ಅಂಕ ಮಧ್ಯದಲ್ಲಿ ನಿಂತು ಅನುಮಾನ ಉಳಿದಾಗ ಸ್ಕ್ಯಾನ್ ಹೆಚ್ಚು ಕೆಲಸಕ್ಕೆ ಬರುತ್ತೆ.

ಕುಪ್ಪಳಿಸೋದನ್ನ ಮನೇಲೂ ನೋಡಬಹುದು. ‘ಒಂದು ಸಲ ಜಿಗಿಯಪ್ಪ’ ಅಂದ್ರೆ ಆಟದ ಹುಡುಗ ಒಲ್ಲೆ ಅಂತ ಬಗ್ಗಿ ನಿಂತ್ರೆ ಹಗುರ ತಗೋಬೇಡಿ.

ನಮ್ಮ ತಾಲೂಕಿನ ರಸ್ತೆಗಳೂ ಒಂದು ಪರೀಕ್ಷೆ. ತಮಾಷೆಯಲ್ಲ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಗ್ಲೆಂಡಿನ ಡಾಕ್ಟರ್‌ಗಳು ರೋಡ್ ಹಂಪ್ ಬಗ್ಗೆಯೇ ಬರೆದಿದ್ದಾರೆ. ಆಸ್ಪತ್ರೆಗೆ ಬರುವಾಗ ಹಂಪ್ ದಾಟಿದ 64 ರೋಗಿಗಳಲ್ಲಿ 34 ಜನರಿಗೆ ಅಪೆಂಡಿಸೈಟಿಸ್ ಇತ್ತು. ಆ 34ರಲ್ಲಿ 33 ಜನ ‘ಹಂಪ್ ಹತ್ತಿದಾಗ ನೋವು ಜಾಸ್ತಿ ಆಯ್ತು’ ಅಂದಿದ್ದರು. ಕಾಯಿಲೆ ಇಲ್ಲದವರಲ್ಲೂ ತುಂಬ ಜನಕ್ಕೆ ನೋವಾಗಿತ್ತು, ಹಾಗಾಗಿ ಹಂಪ್ ಒಂದರಿಂದ ಖಾತ್ರಿ ಆಗಲ್ಲ. ಅವರೆಲ್ಲ ದೊಡ್ಡವರು ಅನ್ನೋದೂ ನೆನಪಿರಲಿ. ಆದರೂ ನಮ್ಮ ಹುಡುಗ ಭಾವನ ಬೈಕಲ್ಲಿ ಪ್ರತಿ ಗುಂಡಿಗೂ ಚೀರಿದ್ದ. ಡಾಕ್ಟರ್‌ಗೆ ಯಾರೂ ಹೇಳಲಿಲ್ಲ, ಅದು ಹೇಳಬೇಕಾದ ವಿಷಯ ಅಂತ ನಮಗೆ ಅನ್ನಿಸಲೇ ಇಲ್ಲ.

ಎಲ್ಲ ಹೊಟ್ಟೆನೋವೂ ಅಪೆಂಡಿಕ್ಸ್ ಅಲ್ಲ, ಬಹುಪಾಲು ಅಲ್ಲವೇ ಅಲ್ಲ. ಸ್ಕ್ಯಾನ್‌ನ ಇನ್ನೊಂದು ಉಪಕಾರ ಅಂದ್ರೆ ಬೇರೆ ಕಾರಣಾನೂ ಅಲ್ಲೇ ಸಿಗಬಹುದು. ಕಿಡ್ನಿಯಲ್ಲಿ ಕಲ್ಲು, ಪುಟ್ಟ ಮಕ್ಕಳಲ್ಲಿ ಕರುಳೊಳಗೆ ಕರುಳು ನುಗ್ಗೋದು, ಹೆಣ್ಣುಮಕ್ಕಳಲ್ಲಿ ಅಂಡಾಶಯ ತಿರುಚಿಕೊಳ್ಳೋದು. ಕೊನೆಯದ್ದಕ್ಕೆ ಗಂಟೆಗಳಲ್ಲೇ ಆಪರೇಷನ್ ಬೇಕು. ಗಂಡುಮಕ್ಕಳಲ್ಲಿ ವೃಷಣ ತಿರುಚಿದ್ರೂ ಹುಡುಗರು ನಾಚಿಕೆಗೆ ‘ಹೊಟ್ಟೆನೋವು’ ಅಂತಲೇ ಹೇಳ್ತಾರೆ. ಕೇಳಿ ನೋಡಿ.

ಹಾಗಾದ್ರೆ ಏನು ಮಾಡೋದು?

ರಿಪೋರ್ಟ್‌ನಲ್ಲಿ ಕಾಣಲಿಲ್ಲ ಅಂತ ಬಂತು, ನೋವು ಇದೆ. ಆಗ ಬರೆದುಕೊಟ್ಟ ಡಾಕ್ಟರ್ ಹತ್ರ ಅವತ್ತೇ ವಾಪಸ್ ಹೋಗಬೇಕು. ಕ್ಲಿನಿಕ್ ಮುಚ್ಚಿದ್ರೆ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮಗುವನ್ನ ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಕೆಲವು ಗಂಟೆ ಬಿಟ್ಟು ಮತ್ತೆ ಹೊಟ್ಟೆ ಮುಟ್ಟಿ ನೋಡಿ, ಮತ್ತೆ ರಕ್ತ ಪರೀಕ್ಷೆ, ಮತ್ತೆ ಸ್ಕ್ಯಾನ್ ಮಾಡೋದು ಸರಿಯಾದ ಪದ್ಧತಿ. ‘ದುಡ್ಡು ಹೊಡೆಯೋಕೆ ಎರಡೆರಡು ಸಲ ಸ್ಕ್ಯಾನ್’ ಅಂತ ನಾವು ಮಾತಾಡ್ಕೋತೀವಲ್ಲ, ಈ ಒಂದು ಕಾಯಿಲೆಯಲ್ಲಿ ಎರಡನೇ ಸ್ಕ್ಯಾನ್‌ಗೆ ನಿಜವಾದ ಕಾರಣ ಇದೆ. ಸಂಜೆ ಸಣ್ಣಗಿದ್ದದ್ದು ಬೆಳಿಗ್ಗೆ ಊದಿ ಕಣ್ಣಿಗೆ ಬೀಳಬಹುದು.

ಡಾಕ್ಟರ್‌ಗೆ ಬಾಯಿಬಿಟ್ಟು ಕೇಳಿ: ‘ಸಾರ್, ಅಪೆಂಡಿಕ್ಸ್ ಕಂಡು ಚೆನ್ನಾಗಿದೆ ಅಂತ ಬರೆದಿದಾರಾ, ಇಲ್ಲಾ ಕಾಣಲೇ ಇಲ್ವಾ?’ ಅವತ್ತು ಅಕ್ಕ ಇದೊಂದು ಕೇಳಿದ್ರೆ ಸಾಕಿತ್ತು.

ಮನೇಲಿ ಭೇದಿಗೆ ಹರಳೆಣ್ಣೆ ಕುಡಿಸೋದು, ಎನಿಮಾ ಕೊಡೋದು ಬೇಡ. ಬಟ್ಟಿ ಅಂತ ಹೊಟ್ಟೆ ತಿಕ್ಕಿಸೋದು ಅಂತೂ ಬೇಡವೇ ಬೇಡ. ಊದಿದ ಅಪೆಂಡಿಕ್ಸ್ ಮೇಲೆ ಎಣ್ಣೆ ಹಚ್ಚಿ ನೀವಿದ್ರೆ ಏನಾಗುತ್ತೆ ಅಂತ ಸರ್ಜನ್‌ಗಳ ಹತ್ರ ಕೇಳಿದ್ರೆ ಬೈತಾರೆ. ಅಜ್ಜಿಯರಿಗೆ ಬೇಜಾರಾಗಬಹುದು, ನಮ್ಮಜ್ಜಿಗೂ ಆಯ್ತು. ಆಪರೇಷನ್ ಬೇಕಾಗಬಹುದು ಅನ್ನೋ ಅನುಮಾನ ಇದ್ರೆ ಊಟ ತಿಂಡಿ ಕೊಡಬೇಡಿ. ಸ್ಕ್ಯಾನ್‌ಗೆ ಅಂತ ವಾಂತಿ ಮಾಡೋ ಮಗುವಿಗೆ ಬಾಟಲಿಗಟ್ಟಲೆ ನೀರು ಕುಡಿಸೋಕೂ ಮುಂಚೆ ಡಾಕ್ಟರ್‌ನ ಕೇಳಿ. ಆಸ್ಪತ್ರೆಯಲ್ಲಿ ನೋವಿಗೆ ಇಂಜೆಕ್ಷನ್ ಕೊಟ್ರೆ ರೋಗ ಮುಚ್ಚಿಹೋಗುತ್ತೆ ಅನ್ನೋದು ಹಳೇ ಮಾತು, ಮಗು ನೋವು ತಿನ್ನಬೇಕಾಗಿಲ್ಲ.

ಮೆಡಿಕಲ್ ಶಾಪ್ ಇಟ್ಟಿರೋ ಅಣ್ಣಂದಿರಿಗೆ ಒಂದು ಮಾತು. ಗ್ಯಾಸ್ ಸಿರಪ್ ಕೇಳಿ ಬಂದವರನ್ನ ಒಂದೇ ಪ್ರಶ್ನೆ ಕೇಳಿ, ಮಗುಗೆ ಎಷ್ಟು ಹೊತ್ತಿಂದ ನೋವು, ಎಲ್ಲಿ ಅಂತ. ಬಲಗಡೆ ಕೆಳಗೆ ಅಂದ್ರೆ ಸಿರಪ್ ಕೊಡದೇ ಆಸ್ಪತ್ರೆ ದಾರಿ ತೋರಿಸಿ. ಚೀಟಿ ಇಲ್ಲದೇ ಎರಡು ಆ್ಯಂಟಿಬಯೋಟಿಕ್ ಮಾತ್ರೆ ಕೊಟ್ರೆ ಲಕ್ಷಣ ಅರ್ಧಂಬರ್ಧ ಮಸುಕಾಗಿ ಪತ್ತೆ ಮಾಡೋರಿಗೆ ಕಷ್ಟ. ದಿನಕ್ಕೆ ಊರಿನ ಅರ್ಧ ಜನರ ಹೊಟ್ಟೆನೋವು ನಿಮ್ಮ ಕೌಂಟರ್‌ಗೇ ಮೊದಲು ಬರೋದು.

ನಿಮ್ಮ ಊರಲ್ಲಿ ರಾತ್ರಿ ಹೊತ್ತು ಸ್ಕ್ಯಾನ್ ಮಾಡೋ ಡಾಕ್ಟರ್ ಇರೋ ಸೆಂಟರ್ ಯಾವುದು, ಭಾನುವಾರ ಯಾವುದು ತೆರೆದಿರುತ್ತೆ ಅಂತ ಆರಾಮಿದ್ದಾಗಲೇ ತಿಳ್ಕೊಂಡು ಫೋನ್‌ನಲ್ಲಿ ನಂಬರ್ ಇಟ್ಕೊಳ್ಳಿ. ತಾಲೂಕಲ್ಲಿ ಸ್ಕ್ಯಾನೂ ಇಲ್ಲ, ಸರ್ಜನ್ನೂ ಇಲ್ಲ ಅನ್ನೋ ಹೊತ್ತಾದ್ರೆ ಸ್ಕ್ಯಾನ್‌ಗೋಸ್ಕರ ಇಲ್ಲೇ ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಜಿಲ್ಲಾ ಕೇಂದ್ರಕ್ಕೆ ಹೋಗಿ, ಸ್ಕ್ಯಾನ್ ಅಲ್ಲೇ ಆಗುತ್ತೆ. ಮಾಡಿಸಿದ ರಿಪೋರ್ಟ್, ಫಿಲ್ಮ್, ರಕ್ತ ಪರೀಕ್ಷೆ ಚೀಟಿ, ಮಗು ಕೊನೇ ಸಲ ಏನು ಎಷ್ಟೊತ್ತಿಗೆ ತಿಂದಿದೆ ಅನ್ನೋ ಲೆಕ್ಕ ಜೊತೇಲಿರಲಿ.

ಖರ್ಚಿನ ಬಗ್ಗೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದ್ರೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಖಾಸಗಿಗೆ ಹೋಗೋ ಮುಂಚೆ ಸರ್ಕಾರಿ ಆಸ್ಪತ್ರೆಯಲ್ಲಿ ಕೂರೋ ಆರೋಗ್ಯಮಿತ್ರರನ್ನ ಕೇಳಿ, ರೆಫರಲ್ ಪತ್ರ ಬೇಕಾ ಅಂತ ಅವರೇ ಹೇಳ್ತಾರೆ. ಭಾವ ಅವತ್ತು ಗಡಿಬಿಡಿಯಲ್ಲಿ ರೇಷನ್ ಕಾರ್ಡ್ ಮನೇಲೇ ಬಿಟ್ಟು ಹೋಗಿದ್ರು. ಅದನ್ನ ತರೋಕೆ ನಾನು ರಾತ್ರಿ ಹನ್ನೊಂದಕ್ಕೆ ಬೈಕಲ್ಲಿ ಊರಿಗೆ ಬಂದು ಹೋದೆ. ಮಗುವಿನ ಆಧಾರ್, ರೇಷನ್ ಕಾರ್ಡ್ ಎರಡೂ ಒಂದೇ ಕವರ್‌ನಲ್ಲಿ ಬಾಗಿಲ ಹತ್ರಾನೇ ಇಟ್ಟಿರಿ.